ಇಳಿಜಾರಿಲ್ಲದ ನಾಲೆಯಲ್ಲಿ ಮೂರು ದಿನ

ಹೇಮಾವತಿ ಎಡದಂಡೆ ನಾಲೆಯ ಏರಿ ಮೇಲೆ ಮೂವತ್ತು ವರ್ಷ ವರ್ಕ್ ಇನ್ಸ್‌ಪೆಕ್ಟರ್ ಆಗಿ ಓಡಾಡಿದವನು ನಾನು. ನಾಲೆ ಅಂದರೆ ಇಳಿಜಾರು. ಮಟ್ಟ ಒಂದಿಷ್ಟು ತಪ್ಪಿದರೂ ಕೊನೆಯ ತೂಬಿನ ರೈತ ಬೈಯುತ್ತಾನೆ. ಅದಕ್ಕೇ ಸ್ಕಾಟ್ಲೆಂಡಿನಲ್ಲಿರುವ ಅಳಿಯ, 'ಮಾವ, ಇಲ್ಲಿನ ನಾಲೆ ಐವತ್ತು ಕಿಲೋಮೀಟರ್ ಒಂದೇ ಮಟ್ಟದಲ್ಲಿದೆ' ಅಂದಾಗ ನಂಬಲಿಲ್ಲ. ಹೋದ ಜೂನ್‌ನಲ್ಲಿ ಹೋಗಿ ನೋಡಿದೆ. ಅದು ಯೂನಿಯನ್ ಕಾಲುವೆ, 1822ರದ್ದು. ಗುಡ್ಡದ ಸೊಂಟ ಬಳಸಿಕೊಂಡು, ಒಂದೇ ಎತ್ತರ ಹಿಡಿದು ಎಡಿನ್‌ಬರೋ ತನಕ ಹೋಗುತ್ತದೆ. ನೀರು ನಿಂತೇ ಇರುತ್ತದೆ, ಓಡುವುದು ದೋಣಿ.

ಈ ಕಾಲುವೆಯ ಇನ್ನೊಂದು ತುದಿಯ ಫಾಲ್ಕರ್ಕ್ ಊರಿನಲ್ಲಿ ಬಾಡಿಗೆಗೆ ಹಿಡಿದದ್ದು ನ್ಯಾರೋಬೋಟ್. ಬಸ್ಸಿಗಿಂತ ಉದ್ದ, ಅಗಲ ಮಾತ್ರ ಎತ್ತಿನ ಗಾಡಿಯಷ್ಟು. ಒಳಗೆ ಒಲೆ, ಹಾಸಿಗೆ, ಕಕ್ಕಸು ಎಲ್ಲವೂ. ಚುಕ್ಕಾಣಿಯ ಕೋಲು ಹಿಂದೆ ಇರುತ್ತದೆ. ಎಡಕ್ಕೆ ಹೋಗಬೇಕಾದರೆ ಬಲಕ್ಕೆ ನೂಕಬೇಕು. ಮೊದಲ ಅರ್ಧ ಗಂಟೆಯಲ್ಲಿ ಎರಡು ಸಲ ದಡಕ್ಕೆ ಗುದ್ದಿದೆ. ಗಂಟೆಗೆ ನಾಲ್ಕು ಮೈಲಿ ದಾಟುವಂತಿಲ್ಲವಾದ್ದರಿಂದ ಪೆಟ್ಟು ಜೋರಾಗಲಿಲ್ಲ. 'ರೀ, ನಿಮಗೆ ಸೈಕಲ್ಲೇ ಸರಿ' ಅಂದಳು ಮನೆಯವಳು.

ಇಲ್ಲಿ ಸೇರುವ ಎರಡು ಕಾಲುವೆಗಳಲ್ಲಿ ಕೆಳಗಿನ ಫೋರ್ತ್ ಅಂಡ್ ಕ್ಲೈಡ್‌ಗೂ ಮೇಲಿನ ಯೂನಿಯನ್ನಿಗೂ 35 ಮೀಟರ್ ಎತ್ತರದ ವ್ಯತ್ಯಾಸ. ಹಿಂದೆ ಹನ್ನೊಂದು ಲಾಕ್‌ಗಳ ಮೆಟ್ಟಿಲಿತ್ತು. ಲಾಕ್ ಅಂದರೆ ಎರಡು ಬಾಗಿಲ ನಡುವಿನ ತೊಟ್ಟಿ. ನೀರು ತುಂಬಿಸಿದರೆ ದೋಣಿ ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ಅಷ್ಟನ್ನೂ ಹತ್ತುವಷ್ಟರಲ್ಲಿ ಹೆಚ್ಚುಕಡಿಮೆ ದಿನವೇ ಹೋಗುತ್ತಿತ್ತಂತೆ. 1933ರಲ್ಲಿ ಅವನ್ನು ಕಿತ್ತುಹಾಕಿದರು. 2002ರಲ್ಲಿ ಆ ಕೆಲಸಕ್ಕೆ ಬಂದದ್ದು ಫಾಲ್ಕರ್ಕ್ ವೀಲ್ ಎಂಬ ಚಕ್ರ.

ಬೂಕನಬೆಟ್ಟದ ಜಾತ್ರೆಯ ತಿರುಗುವ ತೊಟ್ಟಿಲು ನೆನೆಸಿಕೊಳ್ಳಿ. ಅದರಲ್ಲಿ ಎರಡೇ ತೊಟ್ಟಿಲು, ಎದುರುಬದುರು, ಎರಡರ ತುಂಬ ನೀರು. ದೋಣಿ ಕೆಳಗಿನ ತೊಟ್ಟಿಗೆ ತೇಲಿಕೊಂಡೇ ಹೋಗುತ್ತದೆ. ಹಿಂದೆ ಗೇಟು ಮುಚ್ಚುತ್ತದೆ, ಎರಡು ಗೇಟುಗಳ ಸಂದಿಯಲ್ಲಿ ಉಳಿದ ನೀರನ್ನು ಪಂಪು ಎಳೆದುಹಾಕುತ್ತದೆ, ಆಮೇಲೆ ಚಕ್ರ ಅರ್ಧ ಸುತ್ತು ತಿರುಗುತ್ತದೆ. ಉಳಿದವರು ಮೊಬೈಲ್ ಹಿಡಿದು ಆಕಾಶ ನೋಡುತ್ತಿದ್ದರೆ ನಾನು ಬಗ್ಗಿ ಗೇಟಿನ ಅಂಚು ನೋಡುತ್ತಿದ್ದೆ. ನಮ್ಮೂರ ಕೆರೆ ತೂಬು ಸೋರಿದರೆ ಗೋಣಿಚೀಲ, ಹುಲ್ಲು ತುರುಕಿದವರು ನಾವು!

ನಮ್ಮ ದೋಣಿ ಮೇಲೇರುವಾಗ ಎದುರಿನ ತೊಟ್ಟಿಯಲ್ಲಿ ದೋಣಿಯೇ ಇರಲಿಲ್ಲ. ತಕ್ಕಡಿ ವಾಲಬೇಕಿತ್ತಲ್ಲ? ವಾಲಲಿಲ್ಲ. ದೋಣಿ ಒಳಬರುವಾಗಲೇ ತನ್ನ ತೂಕದಷ್ಟು ನೀರನ್ನು ಹೊರಗೆ ತಳ್ಳಿರುತ್ತದೆ, ಆರ್ಕಿಮಿಡೀಸನ ಲೆಕ್ಕ. ಎರಡೂ ಕಡೆ ನೀರಿನ ಮಟ್ಟ ಒಂದೇ ಇದ್ದರೆ ತೂಕವೂ ಒಂದೇ, ದೋಣಿ ಇರಲಿ ಬಿಡಲಿ. ಅದಕ್ಕೇ ಮಟ್ಟದ ವ್ಯತ್ಯಾಸ ನಾಲ್ಕು ಸೆಂಟಿಮೀಟರ್ ದಾಟದಂತೆ ಕಂಪ್ಯೂಟರ್ ಕಾಯುತ್ತದೆ. ಅರ್ಧ ಸುತ್ತಿಗೆ ಖರ್ಚು ಒಂದೂವರೆ ಯೂನಿಟ್ ಕರೆಂಟು. ನಮ್ಮ ತೋಟದ ಐದು ಎಚ್‌ಪಿ ಪಂಪ್‌ಸೆಟ್ ಅರ್ಧ ಗಂಟೆಗೆ ಅದಕ್ಕಿಂತ ಹೆಚ್ಚು ತಿನ್ನುತ್ತದೆ. ಐದಾರು ನಿಮಿಷದಲ್ಲಿ 24 ಮೀಟರ್ ಮೇಲಿದ್ದೆವು. ಮೇಜಿನ ಮೇಲಿನ ಕಾಫಿ ಲೋಟ ಅಲುಗಾಡಲಿಲ್ಲ. ಉಳಿದ 11 ಮೀಟರಿಗೆ ಒಂದು ಸುರಂಗ ದಾಟಿದ ಮೇಲೆ ಎರಡು ಲಾಕ್.

ಮುಂದೆ ಇನ್ನೊಂದು ಸುರಂಗ, 630 ಮೀಟರ್ ಉದ್ದದ್ದು, ಬಂಡೆಯಿಂದ ತಲೆ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಇದನ್ನು ಕೊರೆದದ್ದು ಗುಡ್ಡ ಅಡ್ಡ ಬಂತೆಂದಲ್ಲ. ವಿಲಿಯಂ ಫೋರ್ಬ್ಸ್ ಎಂಬ ಜಮೀನುದಾರ ತನ್ನ ಬಂಗಲೆಗೆ ನಾಲೆ ಕಾಣಕೂಡದು ಅಂತ ಹಟ ಹಿಡಿದಿದ್ದ. ನಾಲೆಗೆ ಜಮೀನು ಬಿಡಿಸುವಾಗ ನಾನೂ ಬಗೆಬಗೆಯ ತಕರಾರು ಕೇಳಿದ್ದೇನೆ. ಇಂಥದ್ದು ಮಾತ್ರ ಕೇಳಿರಲಿಲ್ಲ. ಲಿನ್‌ಲಿತ್‌ಗೋ ಹತ್ತಿರ ಏವನ್ ನದಿಯ ಮೇಲೆ ಹನ್ನೆರಡು ಕಮಾನಿನ ಮೇಲ್ಗಾಲುವೆ. ಕೆಳಗೆ 26 ಮೀಟರ್ ಆಳದಲ್ಲಿ ನದಿ, ಮೇಲೆ ಕಬ್ಬಿಣದ ತೊಟ್ಟಿಯೊಳಗೆ ನಾವು. ಮನೆಯವಳು ಒಳಗೆ ಹೋಗಿ ಕೂತವಳು ದಾಟುವ ತನಕ ಹೊರಗೆ ಬರಲಿಲ್ಲ.

ವಾಪಸು ಬರುವಾಗ ತಪ್ಪು ಮಾಡಿದೆ. ಲಾಕ್‌ನಲ್ಲಿ ಇಳಿಯುವಾಗ ಹಗ್ಗವನ್ನು ಗೂಟಕ್ಕೆ ಸುತ್ತಿ ಕೈಯಲ್ಲಿ ಹಿಡಿದು ಸಡಿಲಿಸುತ್ತಿರಬೇಕು. ಹಸು ಕಟ್ಟಿದ ಹಾಗೆ ಗಂಟು ಬಿಗಿದು ನಾನು ಫೋಟೋ ತೆಗೆಯಲು ನಿಂತೆ. ನೀರು ಇಳಿಯಿತು, ದೋಣಿ ಒಂದು ಪಕ್ಕ ನೇತುಬಿದ್ದು ವಾಲಿತು, ಒಳಗೆ ತಟ್ಟೆಗಳು ಠಣಠಣ ಉರುಳಿದವು. ಲಾಕ್ ನೋಡುವಾತ ಕೂಗುತ್ತ ಓಡಿಬಂದು ನೀರು ನಿಲ್ಲಿಸಿ, ಮತ್ತೆ ತುಂಬಿಸಿದ ಮೇಲೆ ಗಂಟು ಸಡಿಲವಾಯಿತು. ಅಳಿಯ ಏನೂ ಅನ್ನಲಿಲ್ಲ. ಅಲ್ಲಿಂದ ಮುಂದೆ ಹಗ್ಗ ಮಾತ್ರ ಮಗಳ ಕೈಗೆ ಹೋಯಿತು.

ಊರಿಗೆ ಬಂದು ಚನ್ನರಾಯಪಟ್ಟಣದಲ್ಲಿ ನನ್ನ ಜೊತೆ ಕೆಲಸ ಮಾಡಿದ ಸೌಡಿಗೆ, ಅಂದರೆ ನಾಲೆ ನೀರು ಬಿಡುವವನಿಗೆ, ಇಷ್ಟನ್ನೂ ಹೇಳಿದೆ. ಮೊಬೈಲಿನಲ್ಲಿ ಚಕ್ರ ತಿರುಗುವುದನ್ನು ಎರಡು ಸಲ ನೋಡಿದ.

'ಎಲ್ಲ ಸರಿ ಸಾರ್, ಇದರ ನೀರು ಉಣ್ಣುವ ಅಚ್ಚುಕಟ್ಟು ಎಷ್ಟು ಎಕರೆ?'

'ಒಂದು ಗುಂಟೆಯೂ ಇಲ್ಲ ಕಣಯ್ಯ' ಅಂದೆ.