ಪರದೆಯೊಳಗಿನ ಕರುವಿಗೆ ಐದು ಜನ ಕಾವಲು

ಮಕ್ಕಳು ಕಂಪ್ಯೂಟರ್‌ನಲ್ಲೇ ಸಾಕಿ, ಹೆಸರಿಟ್ಟು, ಮೇವು ಹಾಕುವ ಪ್ರಾಣಿಗಳ ಕನ್ನಡ ವೆಬ್‌ಸೈಟ್ ಮಾಡಬೇಕೆಂದು ಹೊರಟಾಗ ನನ್ನ ನೋಟ್‌ಬುಕ್ಕಿನಲ್ಲಿ ಹನ್ನೆರಡು ಪ್ರಾಣಿಗಳಿದ್ದವು. ಒಂದೊಂದಕ್ಕೂ ಹತ್ತು ಬಣ್ಣ. ಖುಷಿ, ಹಸಿವು, ನಿದ್ದೆ, ಕಾಯಿಲೆ ಅಂತ ನಾಲ್ಕು ಭಾವ. ಚಿತ್ರ ಬರೆಯಲು ಒಪ್ಪಿದ್ದ ಹುಡುಗಿ ಮೈಸೂರಿನ ಚಿತ್ರಕಲಾ ಕಾಲೇಜು ಕಾವಾದಲ್ಲಿ ಕಲಿತವಳು. ಪಟ್ಟಿ ನೋಡಿದವಳೇ, "ಸರ್, ಇದು 480 ಚಿತ್ರ. ರಜೆ ಇಲ್ದೆ ದಿನಕ್ಕೊಂದು ಬರೆದ್ರೂ ಹದಿನಾರು ತಿಂಗಳು" ಎಂದಳು. ನನ್ನ ಕೈಯಲ್ಲಿ ಆರು ತಿಂಗಳ ಸಂಬಳಕ್ಕಾಗುವಷ್ಟು ದುಡ್ಡಿತ್ತು.

ನಾಲ್ಕಕ್ಕೆ ಇಳಿದೆವು: ಹಳ್ಳಿಕಾರ್ ಕರು, ಮುಧೋಳದ ನಾಯಿಮರಿ, ಬನ್ನೂರು ಕುರಿಮರಿ, ಒಂದು ಬೀದಿಬೆಕ್ಕು. ಗಿಣಿ, ಕಾಡುಪಾಪ ಎರಡನ್ನೂ ಬಿಡಬೇಕಾಯಿತು. ನಮ್ಮ ಕಾಡಿನ ಗಿಣಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾಡುಪಾಪವನ್ನಂತೂ ಮಾಟಮಂತ್ರಕ್ಕೆಂದು ಹಿಡಿದು ಹಿಂಸಿಸುವವರಿದ್ದಾರೆ. ಇವುಗಳನ್ನು ಸಾಕಬಹುದು ಅನ್ನುವ ಆಸೆಯನ್ನು ಮಗುವಿನ ತಲೆಗೆ ಆಟದಲ್ಲೂ ಹಾಕಬಾರದು. ಈಗ ಕಾಡುಪಾಪ ರಾತ್ರಿ ಹೊತ್ತು ಬೇಲಿಯ ಮೇಲೆ ಬಂದು ಕೂತು ಹೋಗುತ್ತದೆ. ನೋಡಬಹುದು, ಹಿಡಿಯುವ ಬಟನ್ನೇ ಇಲ್ಲ. ನಮ್ಮ ಸೈಟಿನಲ್ಲಿ ನನಗೆ ಅತಿ ಇಷ್ಟವಾದ ಜಾಗ ಅದು.

ಗೆರೆ ಒಂದು ಪದರ, ನೆರಳು ಇನ್ನೊಂದು, ಬಣ್ಣ ಮೂರನೆಯದು. ಹೀಗೆ ಬೇರೆ ಬೇರೆ ಇಟ್ಟಿದ್ದರಿಂದ ಹದಿನಾರು ಮೂಲ ಚಿತ್ರಗಳಲ್ಲೇ ಆರು ಬಣ್ಣ ತೆಗೆಯಲು ಸಾಧ್ಯವಾಯಿತು. ಚಿತ್ರಗಳ ಹಕ್ಕಿನ ಒಪ್ಪಂದವನ್ನು ಮೊದಲ ವಾರವೇ ಬರೆದು ಸಹಿ ಮಾಡಿಕೊಂಡೆವು. ಅವಧಿ ನಮೂದಿಸದಿದ್ದರೆ ನಮ್ಮ ಕಾಪಿರೈಟ್ ಕಾಯ್ದೆ ಅದನ್ನು ಐದೇ ವರ್ಷ ಎಂದು ಎಣಿಸುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅಮೆರಿಕದ ಕನ್ನಡ ಮಕ್ಕಳೂ ಆಡಬೇಕೆಂದಿದ್ದ ನಮಗೆ ಇವೆರಡೂ ಸಾಲು ಮುಖ್ಯವಾಗಿದ್ದವು.

ಪ್ರೋಗ್ರಾಂ ನನ್ನದು, ಚಿತ್ರ ಅವಳದು, ಕತೆ ಮತ್ತು ಮಾತು ಬರೆಯಲು ಒಬ್ಬರು. ಇಷ್ಟೇ ಸಾಕು, ಮಕ್ಕಳ ಹರಟೆ ನೋಡಿಕೊಳ್ಳಲು ಆಮೇಲೆ ಯಾರಾದರೂ ಸಿಗುತ್ತಾರೆ ಅಂದುಕೊಂಡಿದ್ದೆ. ಅದು ತಪ್ಪಾಯಿತು. ಚೆನ್ನಾಗಿ ಆಡುತ್ತಿದ್ದ ಇಬ್ಬರು ಕಾಲೇಜು ಹುಡುಗರಿಗೆ ಸಂಬಳವಿಲ್ಲದೆ ಆ ಕೆಲಸ ವಹಿಸಿದೆ. ಮೂರನೇ ವಾರಕ್ಕೆ ಅವರಲ್ಲೊಬ್ಬ ಅಪರೂಪದ ಬೆಳ್ಳಿಗೆಜ್ಜೆಯನ್ನು ತನ್ನ ಗೆಳೆಯರ ಕರುಗಳಿಗೆಲ್ಲ ಹಂಚಿಬಿಟ್ಟಿದ್ದ. ಅದಕ್ಕಾಗಿ ತಿಂಗಳಿಂದ ನಾಣ್ಯ ಕೂಡಿಡುತ್ತಿದ್ದ ಮಕ್ಕಳ ಮುಖಕ್ಕೆ ನಾನು ಏನು ಉತ್ತರ ಕೊಡಲಿ? ಅವತ್ತಿನಿಂದ ಕೆಲಸದ ಖಾತೆ ಬೇರೆ, ಆಟದ ಖಾತೆ ಬೇರೆ. ಯಾರು ಯಾವ ಬಟನ್ ಒತ್ತಿದರೂ ಹೊತ್ತು, ಕಾರಣ ಎರಡೂ ದಾಖಲಾಗಬೇಕು.

ಹರಟೆ ಕಾಯಲು ಸಂಬಳ ಕೊಟ್ಟೇ ಇಬ್ಬರನ್ನು ತೆಗೆದುಕೊಂಡೆವು. ಮೈಸೂರಿನ ಒಬ್ಬ ನಿವೃತ್ತ ಮೇಷ್ಟ್ರು, ಧಾರವಾಡದ ಒಬ್ಬ ತಾಯಿ. ಎರಡು ಸೀಮೆಯವರು ಯಾಕೆ ಬೇಕು ಅನ್ನುವುದು ಮೊದಲ ದಿನವೇ ಗೊತ್ತಾಯಿತು. "ಲೇ, ನನ್ನ ಕುರಿಗೆ ಹುಲ್ಲು ಕೊಡಲೇ" ಅಂತ ಒಬ್ಬ ಬರೆದಿದ್ದ. ಮೇಷ್ಟ್ರು ಎಚ್ಚರಿಕೆ ಕಳಿಸಲು ಹೊರಟರು. "ಮೇಷ್ಟ್ರೇ, ಅವ್ರಿಬ್ರೂ ದೋಸ್ತ್ರು ಅದಾರ್ರೀ, ನಮ್ಮ ಕಡೆ ಹಂಗ ಮಾತಾಡ್ತಾರ" ಅಂದರು ಆ ತಾಯಿ. ಬೈಗುಳ ಹಿಡಿಯಲು ನಾನು ಬರೆದ ಪದಪಟ್ಟಿಗೆ ಇದು ತಿಳಿಯದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರಂತೂ ಒಂದು ಪದಕ್ಕೆ ಹತ್ತು ಕಾಗುಣಿತ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಹೆತ್ತವರ ಒಪ್ಪಿಗೆ ಬೇಕು. ಒಪ್ಪಿಗೆ ಬರುವವರೆಗೆ ನಾವು ಬರೆದಿಟ್ಟ ಇಪ್ಪತ್ತು ವಾಕ್ಯಗಳಲ್ಲೇ ಮಗು ಮಾತಾಡಬೇಕು.

ಆ ತಾಯಿಯೇ ಒಂದು ದಿನ ಪುಟ್ಟ ಹುಡುಗಿಯೊಬ್ಬಳ ಪತ್ರ ಮುಂದೆ ಹಿಡಿದರು. "ನಾಳೆ ಅಜ್ಜಿ ಮನೆಗೆ ಹೋಗ್ತೀನಿ, ಅಲ್ಲಿ ನೆಟ್ ಬರಲ್ಲ. ನನ್ನ ಗೌರಿ ಸತ್ತೋಗುತ್ತಾ?" ಗೌರಿ ಅಂದರೆ ಅವಳ ಕರು.

1996ರಲ್ಲಿ ಜಪಾನಿನ ಬಂದೈ ಕಂಪನಿ ತಂದ ತಮಗೋಚಿ ಅನ್ನುವ ಅಂಗೈ ಆಟಿಕೆಯೊಳಗಿನ ಪ್ರಾಣಿ, ನೋಡಿಕೊಳ್ಳದಿದ್ದರೆ ಸಾಯುತ್ತಿತ್ತು. ನಮ್ಮದರಂತೆಯೇ ಪ್ರಾಣಿ ಸಾಕುವ 1999ರ ವೆಬ್‌ಸೈಟ್ ನಿಯೋಪೆಟ್ಸ್‌ನಲ್ಲಿ ಎಷ್ಟು ಹಸಿದರೂ ಸಾವಿಲ್ಲ. ನಾನು ಇದನ್ನು ತೀರ್ಮಾನಿಸದೆಯೇ ಸೈಟ್ ತೆರೆದಿದ್ದೆ. ನಮ್ಮಲ್ಲಿ ಗಂಟೆಗೊಮ್ಮೆ ಎಲ್ಲ ಪ್ರಾಣಿಗಳ ಹಸಿವನ್ನೂ ಏರಿಸುವ ಪ್ರೋಗ್ರಾಂ ಓಡುತ್ತಿತ್ತು. ಅದನ್ನು ಕಿತ್ತುಹಾಕಿ, ಕೊನೆಯ ಊಟದ ಹೊತ್ತನ್ನಷ್ಟೇ ಬರೆದಿಟ್ಟು, ಮಗು ಪುಟ ತೆರೆದಾಗ ಹಸಿವಿನ ಲೆಕ್ಕ ಹಾಕುವಂತೆ ಮಾಡಿದೆ. ಸರ್ವರ್‌ಗೂ ಹಗುರವಾಯಿತು, ಗಡಿಯಾರ ನಿಲ್ಲಿಸುವುದೂ ಸುಲಭವಾಯಿತು. 'ಅಜ್ಜಿಮನೆ' ಅಂತ ಒಂದು ಜಾಗ ಬಂತು. ಊರಿಗೆ ಹೋಗುವ ಮಗು ತನ್ನ ಪ್ರಾಣಿಯನ್ನು ಅಲ್ಲಿ ಬಿಟ್ಟರೆ ಹಸಿವು ನಿಲ್ಲುತ್ತದೆ, ನಾಣ್ಯವೂ ಬೇಡ. ಮರಳಿ ಬಂದಾಗ ಅಜ್ಜಿ ಕೊಟ್ಟ ಬೆಲ್ಲದ ತುಣುಕು ಅದರ ಬಾಯಲ್ಲಿರುತ್ತದೆ.

ಈ ಏಪ್ರಿಲ್‌ನಲ್ಲಿ ಅಜ್ಜಿಮನೆಯ ಜಗಲಿ ಸಾಲದೆ, ಹಿತ್ತಲನ್ನೂ ಅಲ್ಲೊಂದು ಹಲಸಿನ ಮರವನ್ನೂ ಬರೆಸಿದೆವು.