ಓವರ್‌ಹೆಡ್ ಪ್ರೆಸ್ ನಿಂತಲ್ಲೇ ನಿಂತಿದೆಯೇ? ಮೊದಲು ರಾಡಿನ ದಾರಿ ನೋಡಿ

ಜಿಮ್ಮಿನಲ್ಲಿ ಎಲ್ಲಕ್ಕಿಂತ ಮೊದಲು ಹಟ ಹಿಡಿದು ನಿಲ್ಲುವ ವ್ಯಾಯಾಮವೆಂದರೆ ಓವರ್‌ಹೆಡ್ ಪ್ರೆಸ್. ನಿಂತುಕೊಂಡು, ಕಾಲಿನ ನೆರವಿಲ್ಲದೆ, ಭುಜದ ಮಟ್ಟದಲ್ಲಿರುವ ರಾಡನ್ನು ಕೈ ನೇರವಾಗುವವರೆಗೆ ತಲೆಯ ಮೇಲಕ್ಕೆ ಒತ್ತಬೇಕು, ಕೆಲಸ ಇಷ್ಟೇ. ಆದರೆ ಸ್ಕ್ವಾಟ್ (ರಾಡು ಹೊತ್ತು ಕುಳಿತೇಳುವುದು) ಮತ್ತು ಡೆಡ್‌ಲಿಫ್ಟ್ (ನೆಲದಿಂದ ರಾಡು ಎತ್ತುವುದು) ಇನ್ನೂ ಏರುತ್ತಿರುವಾಗಲೇ ಇದು ಮಾತ್ರ 40 ಅಥವಾ 45 ಕಿಲೋಗೆ ಬಂದು ಕೂತುಬಿಡುತ್ತದೆ. ಆಗ ಬಹಳಷ್ಟು ಜನ ಭುಜಕ್ಕೆಂದು ಇನ್ನೂ ನಾಲ್ಕು ಬಗೆಯ ಡಂಬೆಲ್ ವ್ಯಾಯಾಮ ಸೇರಿಸುತ್ತಾರೆ, ಸಾಲದ್ದಕ್ಕೆ ವ್ಯಾಯಾಮಕ್ಕೆ ಮುನ್ನ ಕುಡಿಯುವ ಪ್ರೀ-ವರ್ಕೌಟ್ ಪುಡಿಯ ಒಂದು ಡಬ್ಬಿಯನ್ನೂ ಕೊಳ್ಳುತ್ತಾರೆ. ಹದಿನೈದು ವರ್ಷಗಳಿಂದ ಇದನ್ನು ನೋಡುತ್ತ ಬಂದ ನನಗೆ ಕಂಡಂತೆ, ಹೆಚ್ಚಿನವರ ಭುಜದಲ್ಲಿ ಶಕ್ತಿಯ ಕೊರತೆ ಇರುವುದಿಲ್ಲ. ರಾಡು ಹೋಗುವ ದಾರಿ ತಪ್ಪಾಗಿರುತ್ತದೆ ಅಥವಾ ತೂಕ ಏರಿಸುವ ಲೆಕ್ಕ ತಪ್ಪಾಗಿರುತ್ತದೆ; ಎಷ್ಟೋ ಸಲ ಎರಡೂ.

ಮುಂದಿನ ಮಾತು, ಕನಿಷ್ಠ ಐದಾರು ತಿಂಗಳು ನಿಯಮಿತವಾಗಿ ಅಭ್ಯಾಸ ಮಾಡಿದವರಿಗೆ. ತೋಳು ಮೇಲೆತ್ತುವಾಗ ಕೀಲಿನೊಳಗೆ ಚುಚ್ಚಿದಂತೆ ನೋವಾಗುವವರು ಮೊದಲು ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣಬೇಕು. ರಕ್ತದೊತ್ತಡ ಇರುವವರು ಉಸಿರು ಬಿಗಿಹಿಡಿದು ಭಾರ ಎತ್ತುವ ಮುನ್ನ ವೈದ್ಯರ ಅನುಮತಿ ಪಡೆಯಬೇಕು.

ಹಂತ 1: ಪಕ್ಕದಿಂದ ವಿಡಿಯೋ ತೆಗೆಸಿ

ಎದುರಿನ ಕನ್ನಡಿಯಲ್ಲಿ ರಾಡು ಹಿಂದೆ ಮುಂದೆ ಸರಿಯುವುದು ಕಾಣುವುದಿಲ್ಲ. ಆದ್ದರಿಂದ ಫೋನನ್ನು ಎದೆಯ ಎತ್ತರದಲ್ಲಿ, ನಿಮ್ಮ ಬಲಕ್ಕೋ ಎಡಕ್ಕೋ ಇಟ್ಟು, ಪಾದದಿಂದ ರಾಡಿನವರೆಗೆ ಪೂರ್ತಿ ಕಾಣುವಂತೆ ಕಠಿಣವಾದ ಒಂದು ಸೆಟ್ (ಬಿಡುವಿಲ್ಲದೆ ಸಾಲಾಗಿ ಎತ್ತುವ ಒಂದು ಸುತ್ತು) ಚಿತ್ರೀಕರಿಸಿಕೊಳ್ಳಿ.

ಹಂತ 2: ಹಿಡಿತ ಮತ್ತು ನಿಲುವು

ಭುಜಕ್ಕಿಂತ ಎರಡು ಮೂರು ಬೆರಳಷ್ಟೇ ಹೊರಗೆ ರಾಡನ್ನು ಹಿಡಿಯಿರಿ. ಮುಂಗೈ ನೆಟ್ಟಗಿರಬೇಕು, ರಾಡು ಬೆರಳಿನ ಬುಡದಲ್ಲಿ ಅಲ್ಲ, ಅಂಗೈಯ ಕೆಳಭಾಗದಲ್ಲಿ, ಅಂದರೆ ಮಣಿಕಟ್ಟಿನ ನೇರಕ್ಕೆ ಕೂರಬೇಕು. ಮೊಣಕೈ ರಾಡಿಗಿಂತ ತುಸು ಮುಂದಿರಲಿ. ಸ್ಪಂಜು ತುಂಬಿದ ಕೈಗವಸು ರಾಡನ್ನು ದಪ್ಪ ಮಾಡಿ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುವುದರಿಂದ ಅದನ್ನು ಈ ವ್ಯಾಯಾಮಕ್ಕಂತೂ ಬಳಸಲೇಬಾರದು. ಓಟಕ್ಕೆಂದು ಮಾಡಿದ ಮೆತ್ತನೆಯ ಬೂಟಿಗೂ ಇದೇ ಮಾತು. ಚಪ್ಪಟೆ ಅಟ್ಟೆಯ ಸಾದಾ ಕ್ಯಾನ್ವಾಸ್ ಬೂಟು ಇದಕ್ಕೆ ಉತ್ತಮ.

ಹಂತ 3: ಮುಖವನ್ನು ದಾಟಿಸುವುದು

ಜನ ಎಡವುವುದು ಇಲ್ಲಿಯೇ. ರಾಡು ಹೊರಡುವುದು ಕತ್ತಿನ ಬುಡದಲ್ಲಿರುವ ಕಾಲರ್ ಮೂಳೆಯ ಮುಂದಿನಿಂದ. ಅದು ತಲುಪಬೇಕಾದದ್ದು ಭುಜದ ಕೀಲಿನ ನೇರ ಮೇಲಕ್ಕೆ. ಈ ಎರಡರ ನಡುವೆ ಗಲ್ಲ ಮತ್ತು ಮೂಗು ಅಡ್ಡ ಇವೆ. ರಾಡು ಮುಖವನ್ನು ಬಳಸಿಕೊಂಡು ಹೋಗಬಹುದು, ಇಲ್ಲವೇ ಮುಖವೇ ಹಿಂದಕ್ಕೆ ಸರಿದು ರಾಡಿಗೆ ದಾರಿ ಬಿಡಬಹುದು. ಹೆಚ್ಚಿನವರು, ಮೂಗಿಗೆ ಪೆಟ್ಟಾದೀತೆಂಬ ಸಹಜ ಭಯದಿಂದ, ಮೊದಲನೆಯದನ್ನೇ ಮಾಡುತ್ತಾರೆ. ತುಂಬಿದ ಕೊಡವನ್ನು ಸೊಂಟಕ್ಕೆ ಆನಿಸಿ ಹೊರುವುದಕ್ಕೂ ಅದೇ ಕೊಡವನ್ನು ಕೈಚಾಚಿ ಹಿಡಿಯುವುದಕ್ಕೂ ಎಷ್ಟು ವ್ಯತ್ಯಾಸವಿದೆಯೋ, ಮುಖಕ್ಕೆ ಹತ್ತಿರದಿಂದ ಹೋಗುವ ರಾಡಿಗೂ ನಾಲ್ಕು ಬೆರಳು ಮುಂದೆ ಹೋಗುವ ರಾಡಿಗೂ ಅಷ್ಟೇ ವ್ಯತ್ಯಾಸ. ಹಗುರ ತೂಕದಲ್ಲಿ ಇದು ಗೊತ್ತಾಗುವುದಿಲ್ಲ. ತೂಕ ಮಿತಿಯ ಹತ್ತಿರ ಬಂದಾಗ ರಾಡು ಹಣೆಯ ಮಟ್ಟದಲ್ಲಿ ಕಂಬದಂತೆ ನಿಂತುಬಿಡುತ್ತದೆ.

ಸರಿಯಾದ ಕ್ರಮ ಹೀಗಿದೆ. ಹೊಟ್ಟೆ ತುಂಬ ಉಸಿರೆಳೆದುಕೊಂಡು ಬಿಗಿಹಿಡಿಯಿರಿ, ಮಂಡಿಯನ್ನು ನೇರವಾಗಿಸಿ, ಪೃಷ್ಠದ ಸ್ನಾಯುಗಳನ್ನು ಗಟ್ಟಿಯಾಗಿ ಹಿಂಡಿರಿ. ಸೊಂಟದ ಕೀಲನ್ನು ಒಂದಿಷ್ಟು ಮುಂದಕ್ಕೆ ತಳ್ಳಿದಾಗ ಇಡೀ ಮುಂಡ ಒಂದೇ ಹಲಗೆಯಂತೆ ತುಸು ಹಿಂದಕ್ಕೆ ವಾಲುತ್ತದೆ. ವಾಲಬೇಕಾದದ್ದು ಹೀಗೆ ಸೊಂಟದ ಕೀಲಿನಿಂದ, ಬೆನ್ನಿನ ಕೆಳಭಾಗವನ್ನು ಬಿಲ್ಲಿನಂತೆ ಬಗ್ಗಿಸಿ ಅಲ್ಲ. ಈಗ ಗಲ್ಲವನ್ನು ಕತ್ತಿನ ಕಡೆಗೆ ಹಿಂದಕ್ಕೆಳೆದುಕೊಳ್ಳಿ. ತಲೆ ಎತ್ತಿ ಸೂರು ನೋಡುವುದು ತಪ್ಪು. ದೃಷ್ಟಿ ಎದುರಿನ ಗೋಡೆಯ ಮೇಲೆಯೇ ಇರಲಿ. ಅಲ್ಲಿಂದ ರಾಡನ್ನು ಮೂಗಿನ ತುದಿಗೆ ಸೋಕಿತೇನೋ ಎನ್ನುವಷ್ಟು ಹತ್ತಿರದಿಂದ ನೇರ ಮೇಲಕ್ಕೆ ಒತ್ತಿ. ರಾಡು ಹಣೆಯನ್ನು ದಾಟಿದ ಕ್ಷಣದಲ್ಲಿ ಎದೆ ಮತ್ತು ತಲೆ ಎರಡೂ ಮುಂದೆ ಬಂದು ರಾಡಿನ ಕೆಳಗೆ ಸೇರಿಕೊಳ್ಳಬೇಕು; ಹಳೆಯ ಮನೆಯ ತಗ್ಗು ಬಾಗಿಲನ್ನು ದಾಟಿದವರು ತಲೆ ಎತ್ತಿ ನಿಲ್ಲುವಂತೆ. ಕೊನೆಯಲ್ಲಿ ಕಿವಿಗಳು ತೋಳಿಗಿಂತ ತುಸು ಮುಂದಿರುತ್ತವೆ, ಭುಜಗಳು ಕಿವಿಯ ಕಡೆಗೆ ಏರಿರುತ್ತವೆ, ರಾಡು ಬೂಟಿನ ಲೇಸಿನ ನೇರಕ್ಕೆ ಇರುತ್ತದೆ.

ತಲೆಯನ್ನು ಬೇಗ ತಂದರೆ ರಾಡು ಹಣೆಗೆ ಅಡ್ಡವಾಗುತ್ತದೆ. ತಡವಾಗಿ ತಂದರೆ ರಾಡು ಮುಂದೆಯೇ ಉಳಿದು ತೋಳು ಸೋಲುತ್ತದೆ. ತಡ ಮಾಡುವವರೇ ಹೆಚ್ಚು. ವಿಡಿಯೋದಲ್ಲಿ ರಾಡು ನಿಂತ ಕ್ಷಣವನ್ನು ತಡೆಹಿಡಿದು ನೋಡಿ. ಅದು ಲೇಸಿಗಿಂತ ಮುಂದೆ, ಕಾಲ್ಬೆರಳುಗಳ ನೇರಕ್ಕೆ ಇದ್ದರೆ ತಪ್ಪು ದಾರಿಯದು. ಲೇಸಿನ ನೇರಕ್ಕೇ ಇದ್ದು ಹಣೆಯ ಮಟ್ಟದಲ್ಲಿ ನಿಂತರೆ ಕೊರತೆ ತೋಳಿನ ಹಿಂಭಾಗದ ಸ್ನಾಯುವಾದ ಟ್ರೈಸೆಪ್ಸಿನದು. ಗಲ್ಲದ ಮಟ್ಟವನ್ನೂ ದಾಟದಿದ್ದರೆ ಕೊರತೆ ಭುಜದ ಮುಂಭಾಗದ್ದು.

ದಾರಿ ತಿದ್ದಿಕೊಳ್ಳಲು ಗೋಡೆಗಿಂತ ಒಳ್ಳೆಯ ಗುರುವಿಲ್ಲ. ಬೂಟಿನ ತುದಿಗೂ ಗೋಡೆಗೂ ನಾಲ್ಕು ಬೆರಳು ಅಂತರವಿಟ್ಟು, ಗೋಡೆಗೆ ಮುಖ ಮಾಡಿ ನಿಂತು, ಪೊರಕೆಯ ಕೋಲನ್ನೋ ಖಾಲಿ ರಾಡನ್ನೋ ಹತ್ತು ಸಲ ನಿಧಾನವಾಗಿ ಎತ್ತಿ. ಮುಂದೆ ಸರಿದರೆ ಗೋಡೆಗೆ ತಾಗಿ ತಿಳಿಯುತ್ತದೆ. ಎರಡು ವಾರ ಪ್ರತಿದಿನ ಮನೆಯಲ್ಲಿಯೇ ಇದನ್ನು ಮಾಡಬಹುದು. ಇದನ್ನು ಸ್ಮಿತ್ ಮಷಿನ್‌ನಲ್ಲಿ ಕಲಿಯುತ್ತೇನೆನ್ನುವುದು ವ್ಯರ್ಥ. ಅಲ್ಲಿ ರಾಡು ಕಂಬಿಯ ಮೇಲೆ ಓಡುವುದರಿಂದ ದಾರಿಯನ್ನು ಯಂತ್ರವೇ ತೀರ್ಮಾನಿಸುತ್ತದೆ.

ಬೆನ್ನು ಬಗ್ಗಿಸುವ ಚಟ ಹೊಸದೇನಲ್ಲ. ಒಲಿಂಪಿಕ್ಸ್ ವೇಟ್‌ಲಿಫ್ಟಿಂಗಿನಲ್ಲಿ ಪ್ರೆಸ್ ಕೂಡ ಒಂದು ಭಾಗವಾಗಿತ್ತು. ಸ್ಪರ್ಧಿಗಳು ಬಹುತೇಕ ಮಲಗಿಕೊಂಡಂತೆ ಹಿಂದಕ್ಕೆ ಬಾಗತೊಡಗಿ, ಯಾವುದು ಸರಿ ಯಾವುದು ತಪ್ಪು ಎಂದು ತೀರ್ಪು ಕೊಡುವುದೇ ಕಷ್ಟವಾದ ಕಾರಣ 1972ರ ಮ್ಯೂನಿಕ್ ಕೂಟದ ನಂತರ ಅದನ್ನು ಕೈಬಿಟ್ಟರು.

ಹಂತ 4: ತೂಕ ಏರಿಸುವ ಲೆಕ್ಕ

ನಮ್ಮ ಬಹಳಷ್ಟು ಜಿಮ್ಮುಗಳಲ್ಲಿ ಎಲ್ಲಕ್ಕಿಂತ ಚಿಕ್ಕ ಪ್ಲೇಟು 2.5 ಕಿಲೋದ್ದು. ಎರಡೂ ಬದಿಗೆ ಹಾಕಿದರೆ ಒಮ್ಮೆಗೆ 5 ಕಿಲೋ ಏರುತ್ತದೆ. ಸ್ಕ್ವಾಟ್‌ನಲ್ಲಿ 100ರಿಂದ 105ಕ್ಕೆ ಹೋದರೆ ಅದು ಶೇ 5ರಷ್ಟು ಏರಿಕೆ. ಪ್ರೆಸ್‌ನಲ್ಲಿ 45ರಿಂದ 50ಕ್ಕೆ ಹೋದರೆ ಶೇ 11. ಕಾಲಿನಷ್ಟು ದೊಡ್ಡ ಸ್ನಾಯುಗಳಿಗೆ ಕೊಡದ ಹೊರೆಯನ್ನು ಭುಜಕ್ಕೆ ಹೊರಿಸಿ, ಆಮೇಲೆ ಅದು ಏರುವುದಿಲ್ಲವೆಂದು ದೂರುವುದು ನ್ಯಾಯವಲ್ಲ.

ವಾರಕ್ಕೆ ಒಟ್ಟು 1 ಕಿಲೋ, ಅಂದರೆ ಒಂದೊಂದು ಬದಿಗೆ ಅರ್ಧ ಕಿಲೋ ಏರಿಸಿದರೆ ಸಾಕು. ಅರ್ಧ ಕಿಲೋದ ಪ್ಲೇಟುಗಳು ಕ್ರೀಡಾ ಸಾಮಗ್ರಿಗಳ ಅಂಗಡಿಯಲ್ಲಿ ಮತ್ತು ಆನ್‌ಲೈನ್‌ನಲ್ಲಿ ದೊರೆಯುತ್ತವೆ. ಕೊಳ್ಳುವ ಮನಸ್ಸಿಲ್ಲದವರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಅರ್ಧ ಕಿಲೋ ತೂಕದ ಪಟ್ಟಿಗಳನ್ನು ರಾಡಿನ ತುದಿಗೆ ಬಿಗಿಯಾಗಿ ಸುತ್ತಬಹುದು. ನೀರಿನ ಬಾಟಲಿ ನೇತುಹಾಕುವವರನ್ನೂ ನೋಡಿದ್ದೇನೆ. ತೂಗಾಡುವ ಯಾವುದನ್ನೂ ರಾಡಿಗೆ ಕಟ್ಟಬೇಡಿ.

ಪ್ಲೇಟಿನ ಮೇಲೆ ಬರೆದ ತೂಕವನ್ನೂ ಪೂರ್ತಿ ನಂಬಬೇಡಿ. ನಾನೊಮ್ಮೆ 10 ಕಿಲೋ ಎಂದು ಬರೆದಿದ್ದ ಪ್ಲೇಟನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದಾಗ 9 ಕಿಲೋ 600 ಗ್ರಾಂ ಬಂದಿತ್ತು. ಅರ್ಧ ಕಿಲೋದ ಲೆಕ್ಕ ಇಡುವವರಿಗೆ ಈ ವ್ಯತ್ಯಾಸ ದೊಡ್ಡದು. ರಾಡಿನದೂ ಇದೇ ಕಥೆ: ಪುರುಷರ ಒಲಿಂಪಿಕ್ ರಾಡು 20 ಕಿಲೋ, ಮಹಿಳೆಯರದು 15 ಕಿಲೋ, ಆದರೆ ಜಿಮ್ಮಿನ ಮೂಲೆಯಲ್ಲಿರುವ ತೆಳ್ಳನೆಯ ರಾಡು ಅದರ ಅರ್ಧವೂ ತೂಗದಿರಬಹುದು. ಒಂದೇ ರಾಡು, ಒಂದೇ ಜೋಡಿ ಪ್ಲೇಟುಗಳಿಗೆ ಗುರುತು ಮಾಡಿಕೊಂಡು ಪ್ರತಿಸಲ ಅವನ್ನೇ ಬಳಸುವುದು ಸುಲಭದ ಉಪಾಯ.

ಹಂತ 5: ಹಿಂದೆ ಸರಿದು ಮತ್ತೆ ಏರುವುದು

45 ಕಿಲೋದಲ್ಲಿ ಐದು ರೆಪ್‌ಗೆ ನಿಂತವರೆಂದುಕೊಳ್ಳಿ (ರಾಡನ್ನು ಒಮ್ಮೆ ಎತ್ತಿ ಇಳಿಸಿದರೆ ಒಂದು ರೆಪ್). ಶೇ 10ರಷ್ಟು ಇಳಿಸಿ 40 ಕಿಲೋದಿಂದ ಆರಂಭಿಸಿ. ವಾರಕ್ಕೆ ಎರಡು ದಿನ ಪ್ರೆಸ್ ಮಾಡಬೇಕು. ಭಾರದ ದಿನ ಐದು ರೆಪ್‌ಗಳ ಮೂರು ಸೆಟ್, ವಾರಕ್ಕೊಂದು ಕಿಲೋ ಏರಿಕೆ. ಆರನೆಯ ವಾರಕ್ಕೆ ಮತ್ತೆ 45 ಬರುತ್ತದೆ, ಏಳನೆಯ ವಾರದಿಂದ ಹೊಸ ನೆಲ. ಹಗುರ ದಿನ ಆ ವಾರದ ಭಾರದ ಶೇ 80ರಲ್ಲಿ ಆರು ರೆಪ್‌ಗಳ ಐದು ಸೆಟ್. ಪ್ರತಿ ರೆಪ್ಪಿನ ನಂತರ ರಾಡನ್ನು ಕಾಲರ್ ಮೂಳೆಯ ಮೇಲೆ ಒಂದು ಕ್ಷಣ ನಿಲ್ಲಿಸಿ, ಹೊಸ ಉಸಿರು ತೆಗೆದುಕೊಳ್ಳಿ. ಪುಟಿಸಿ ಎತ್ತುವುದು ನನಗೆ ಒಪ್ಪಿಗೆಯಿಲ್ಲ. ಸೆಟ್‌ಗಳ ನಡುವೆ ಮೂರು ನಿಮಿಷ ಬಿಡುವು ಬೇಕು. ಒಂದು ನಿಮಿಷಕ್ಕೇ ಮತ್ತೆ ರಾಡು ಹಿಡಿದು, ಮೂರನೆಯ ಸೆಟ್ ಕೆಟ್ಟಿತೆಂದು ಬೇಸರಪಡುವವರು ಗಡಿಯಾರವನ್ನು ನೋಡಬೇಕೇ ಹೊರತು ಭುಜವನ್ನಲ್ಲ.

ಭಾರದ ದಿನ, ಬೆಂಚಿನ ಮೇಲೆ ಮಲಗಿ ಎದೆಯಿಂದ ರಾಡು ಒತ್ತುವ ಬೆಂಚ್ ಪ್ರೆಸ್‌ಗಿಂತ ಮೊದಲು ಇದನ್ನು ಮಾಡಿ. ಸೋಮವಾರವೆಂದರೆ ಎದೆಯ ದಿನ ಎಂಬುದು ನಮ್ಮ ಜಿಮ್ಮುಗಳಲ್ಲಿ ಸಂವಿಧಾನದಂತೆ ನಡೆದುಬಂದಿದೆ. ಎದೆ ಮತ್ತು ಟ್ರೈಸೆಪ್ಸ್ ದಣಿದ ಮೇಲೆ, ಕೊನೆಯ ಹತ್ತು ನಿಮಿಷಕ್ಕೆ ಪ್ರೆಸ್ ಇಟ್ಟುಕೊಂಡವರಿಗೆ ಏರಿಕೆ ದಕ್ಕುವುದಿಲ್ಲ. 47 ಅಥವಾ 48ರಲ್ಲಿ ಐದು ರೆಪ್ ಎರಡು ವಾರ ಸತತವಾಗಿ ತಪ್ಪಿದರೆ ಅದೇ ತೂಕದಲ್ಲಿ ಮೂರು ರೆಪ್‌ಗಳ ಐದು ಸೆಟ್‌ಗೆ ಬದಲಿಸಿ, ಏರಿಕೆಯನ್ನು ಮುಂದುವರಿಸಿ.

ಹಂತ 6: ನೆರವಿನ ವ್ಯಾಯಾಮ

ಹಣೆಯ ಬಳಿ ನಿಲ್ಲುವವರಿಗೆ ಕಿರಿದಾದ ಹಿಡಿತದ ಬೆಂಚ್ ಪ್ರೆಸ್ ಅಥವಾ ಡಿಪ್ಸ್ (ಎರಡು ಕಂಬಿಗಳ ನಡುವೆ ಕೈಯೂರಿ ದೇಹವನ್ನು ಇಳಿಸಿ ಎತ್ತುವುದು). ಗಲ್ಲದ ಬಳಿ ನಿಲ್ಲುವವರಿಗೆ ಕೆಳಗೆ ಎರಡು ಸೆಕೆಂಡು ಪೂರ್ತಿ ನಿಂತು ಎತ್ತುವ ಪ್ರೆಸ್. ಒಂದನ್ನು ಆರಿಸಿಕೊಳ್ಳಿ, ಹಗುರ ದಿನದ ಕೊನೆಗೆ ಮೂರು ಸೆಟ್ ಮಾಡಿ. ಡಂಬೆಲ್ ಪಕ್ಕಕ್ಕೆತ್ತುವ ಹತ್ತು ಬಗೆಗಳನ್ನು ಸದ್ಯಕ್ಕೆ ಮರೆತುಬಿಡಿ.

ಹಂತ 7: ಊಟ

ದೇಹದ ತೂಕ ಏರದೆ ಪ್ರೆಸ್ ಏರುವುದು ಬಹಳ ನಿಧಾನ. ತೆಳ್ಳಗಿರುವವರು ತಿಂಗಳಿಗೆ ಅರ್ಧದಿಂದ ಒಂದು ಕಿಲೋ ತೂಕ ಹೆಚ್ಚಿಸಿಕೊಳ್ಳಬೇಕು. ದೇಹತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. 65 ಕಿಲೋದವರಿಗೆ ಇದು ನೂರು ಗ್ರಾಂ ದಾಟುತ್ತದೆ. ಮುದ್ದೆ ಮತ್ತು ಸೊಪ್ಪಿನ ಸಾರಿನಿಂದ ಅಷ್ಟು ಸಿಗದು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ, ಅಷ್ಟೇ ತೂಕದ ಸೋಯಾ ಚಂಕ್ಸ್‌ನಲ್ಲಿ 50 ಗ್ರಾಂ ಆಸುಪಾಸು ಇರುತ್ತದೆ. ಲೇಬಲ್ಲಿನಲ್ಲಿ ತಯಾರಕರ ವಿಳಾಸವೂ ಇಲ್ಲದ ಅಗ್ಗದ ಪುಡಿಯ ಡಬ್ಬಿಗಿಂತ ಮೊಟ್ಟೆಯ ಟ್ರೇ ಮೇಲು.

ಹಂತ 8: ಪರೀಕ್ಷೆಯ ದಿನ

ಹತ್ತು ಹನ್ನೆರಡು ವಾರಗಳ ನಂತರ, ಭಾರದ ದಿನದ ಬದಲಿಗೆ, ಒಂದೇ ರೆಪ್ಪಿನ ಗರಿಷ್ಠ ತೂಕವನ್ನು ನೋಡಬಹುದು. 48 ಕಿಲೋವನ್ನು ಐದು ಸಲ ಎತ್ತಿದವರು ಖಾಲಿ ರಾಡಿನಲ್ಲಿ ಐದು, 30ರಲ್ಲಿ ಮೂರು, 40ರಲ್ಲಿ ಎರಡು, 47 ಮತ್ತು 52ರಲ್ಲಿ ಒಂದೊಂದು ರೆಪ್ ಮಾಡಿ, ನಾಲ್ಕು ನಿಮಿಷ ಬಿಡುವು ಕೊಟ್ಟು 55ಕ್ಕೆ ಕೈ ಹಾಕಿ. ರ‍್ಯಾಕ್‌ನ (ರಾಡು ಇಡುವ ಚೌಕಟ್ಟಿನ) ಅಡ್ಡಕಂಬಿಗಳನ್ನು ಎದೆಗಿಂತ ತುಸು ಕೆಳಗೆ ಹೊಂದಿಸಿರಬೇಕು. ಏರದಿದ್ದರೆ ರಾಡನ್ನು ಬಂದ ದಾರಿಯಲ್ಲೇ ಇಳಿಸಿ ಅವುಗಳ ಮೇಲಿಡಿ. ಹಿಂದಿನಿಂದ ಮೊಣಕೈ ಹಿಡಿದು ಎತ್ತಲು ಬರುವ ಸ್ನೇಹಿತರನ್ನು ದೂರವಿಡಿ, ಏಕೆಂದರೆ ಆಗ ಎತ್ತಿದ್ದರಲ್ಲಿ ನಿಮ್ಮದೆಷ್ಟು ಅವರದೆಷ್ಟು ಎಂಬುದು ತಿಳಿಯುವುದಿಲ್ಲ. ಎರಡು ಪ್ರಯತ್ನಕ್ಕಿಂತ ಹೆಚ್ಚು ಬೇಡ. ಈ ಪ್ರಯತ್ನಗಳನ್ನೂ ಪಕ್ಕದಿಂದ ಚಿತ್ರೀಕರಿಸಿಕೊಳ್ಳಿ. ಮುಂದಿನ ವಾರ 43 ಕಿಲೋದಿಂದ ಹೊಸ ಸುತ್ತು ಆರಂಭಿಸುವಾಗ ನೋಡಲು ಅದು ಬೇಕಾಗುತ್ತದೆ.