ದೇಹದ ಕಾಯಿಲೆಯನ್ನು ಆಪ್ತಸಮಾಲೋಚನೆಯಲ್ಲಿ ಹೇಳಿಕೊಳ್ಳುವ ಬಗೆ

ದೀರ್ಘಕಾಲದ ಕಾಯಿಲೆಯಿರುವ ಅನೇಕರು ಆಪ್ತಸಮಾಲೋಚಕರ ಮುಂದೆ ಕುಳಿತಾಗ ಮನೆಯ ಜಗಳ, ಸಿಟ್ಟು, ಬೇಸರಗಳನ್ನೆಲ್ಲ ಬಿಡಿಸಿ ಹೇಳುತ್ತಾರೆ. ಕಾಯಿಲೆಯ ಮಾತು ಬಂದಾಗ ಮಾತ್ರ ‘ಅದಕ್ಕೆ ಔಷಧಿ ನಡೆಯುತ್ತಿದೆ’ ಎಂದು ಮುಗಿಸಿಬಿಡುತ್ತಾರೆ. ಬಹಳ ಸಲ ಆ ಸಿಟ್ಟು, ಬೇಸರಗಳ ಬೇರು ಇರುವುದು ಅಲ್ಲಿಯೇ.

ಮೊದಲ ಭೇಟಿಗೆ ಮುನ್ನ, ಕಾಯಿಲೆ ಗೊತ್ತಾದ ಸಮಯ, ಸೇವಿಸುತ್ತಿರುವ ಔಷಧಿಗಳು, ಯಾವ ಔಷಧಿ ಶುರುವಾದ ಮೇಲೆ ಮನಸ್ಸಿನಲ್ಲಿ ಏನು ಬದಲಾಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಥೈರಾಯ್ಡ್ ಹಾರ್ಮೋನಿನ ಕೊರತೆಯಿಂದ ಖಿನ್ನತೆಯನ್ನು ಹೋಲುವ ಮಂಕು, ಸುಸ್ತು ಬರಬಹುದು; ಸ್ಟಿರಾಯ್ಡ್ ಮಾತ್ರೆಗಳು ನಿದ್ದೆಗೆಡಿಸಿ, ಸಿಡುಕು ಹೆಚ್ಚಿಸಿ, ಮುಖ ಊದಿಕೊಳ್ಳುವಂತೆಯೂ ಮಾಡಬಹುದು. ಖಿನ್ನತೆಯನ್ನು ಅಳೆಯಲು ಬಳಸುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯ 9 ಪ್ರಶ್ನೆಗಳಲ್ಲಿ ನಿದ್ದೆ, ಸುಸ್ತು, ಹಸಿವುಗಳನ್ನು ಕುರಿತವೂ ಇವೆ. ಆದ್ದರಿಂದ ಅಂಕ ಹೆಚ್ಚು ಬಂದಾಗ, ಅದರಲ್ಲಿ ದೇಹದ ಪಾಲೆಷ್ಟು, ಮನಸ್ಸಿನ ಪಾಲೆಷ್ಟು ಎಂದು ಸಮಾಲೋಚಕರೊಡನೆ ಕುಳಿತು ನೋಡುವುದು ಅಗತ್ಯ.

ಕಾಯಿಲೆಯ ಹೆಸರು ಹೇಳಿದರೆ ಸಾಲದು, ಅದು ನಿಮ್ಮ ದಿನದಲ್ಲಿ ಕಾಣಿಸಿಕೊಳ್ಳುವ ಒಂದು ಗಳಿಗೆಯನ್ನು ಹೇಳಿ. ರುಮಟಾಯ್ಡ್ ಸಂಧಿವಾತವಿರುವವರ ಬೆರಳುಗಳು ಬೆಳಗ್ಗೆ ಒಂದು ಗಂಟೆಗೂ ಹೆಚ್ಚು ಹೊತ್ತು ಬಿಗಿದುಕೊಂಡಿರಬಹುದು. ಅಂಥವರೊಬ್ಬರು ಅಂಗಿಯ ಮೂರನೆಯ ಗುಂಡಿಯೊಡನೆ ಹೆಣಗುತ್ತಿರುವಾಗ, ಹೆಂಡತಿ ಏನೂ ಕೇಳದೆ ಬಂದು ಗುಂಡಿ ಹಾಕಿ ಹೋಗುತ್ತಾರೆ ಎಂದುಕೊಳ್ಳಿ. ಆಕೆಯ ಮಟ್ಟಿಗೆ ಅದು ಪ್ರೀತಿ, ಆತನ ಮಟ್ಟಿಗೆ ತಾನು ಮಗುವಿನಂತಾದೆನೆಂಬ ಅವಮಾನ. ಇಬ್ಬರೂ ಬಾಯಿಬಿಡದ ಕಾರಣ ಅದೇ ಸಂಜೆ ಬೇರಾವುದೋ ನೆಪದಲ್ಲಿ ಜಗಳವಾಗಿ ಹೊರಬರುತ್ತದೆ. ‘ನನಗೆ ಸಂಧಿವಾತ’ ಎಂಬ ಮಾತಿನಲ್ಲಿ ಈ ಯಾವುದೂ ಇಲ್ಲ.

ಹೀಗಾಗಿ ಒಂದೆರಡು ಭೇಟಿಗಳಿಗೆ ಸಂಗಾತಿಯನ್ನೂ ಕರೆದೊಯ್ಯುವುದು ಒಳ್ಳೆಯದು. ಯಾವ ಕೆಲಸಕ್ಕೆ ಕೇಳದೆಯೇ ನೆರವು ಬೇಕು, ಯಾವುದಕ್ಕೆ ಕೇಳಿದಾಗ ಮಾತ್ರ ಬೇಕು, ಯಾವುದನ್ನು ಎಷ್ಟು ಹೊತ್ತಾದರೂ ತಾನೇ ಮಾಡಿಕೊಳ್ಳಬೇಕು ಎಂಬುದನ್ನು ಅಲ್ಲಿಯೇ ಮಾತಾಡಿ ಗೊತ್ತುಮಾಡಿಕೊಳ್ಳಿ. ಆರೈಕೆ ಮಾಡುವವರಿಗೂ ದಣಿವಾಗುತ್ತದೆ, ಅದನ್ನು ತಪ್ಪಿತಸ್ಥ ಭಾವವಿಲ್ಲದೆ ಹೇಳಿಕೊಳ್ಳಲು ಅವರಿಗೂ ಜಾಗ ಬೇಕು. ಲೈಂಗಿಕ ಆಸಕ್ತಿ ಕುಗ್ಗಿದ್ದರೆ ಅದನ್ನೂ ಮುಚ್ಚಿಡಬೇಡಿ: ಮಧುಮೇಹದಿಂದಲೂ, ರಕ್ತದೊತ್ತಡದ ಮತ್ತು ಖಿನ್ನತೆಯ ಕೆಲವು ಔಷಧಿಗಳಿಂದಲೂ ಹಾಗಾಗುವುದುಂಟು, ಅದು ಪ್ರೀತಿ ಕಡಿಮೆಯಾದುದರ ಗುರುತಲ್ಲ. ಆದರೆ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ತನ್ನ ರೂಪದ ಬಗೆಗಿನ ನೋವು ಇವೆಲ್ಲಕ್ಕಿಂತ ನಿಧಾನವಾಗಿ ಮಾತಿಗೆ ಬರುತ್ತದೆ. ಸ್ತನ ತೆಗೆಸಿಕೊಂಡವರು, ಹೊಟ್ಟೆಗೆ ಮಲಚೀಲ ಅಳವಡಿಸಿಕೊಂಡವರು ಕನ್ನಡಿಯ ಮುಂದೆ ನಿಲ್ಲುವುದನ್ನೇ ಬಿಟ್ಟಿರಬಹುದು. ಹಳೆಯ ದೇಹಕ್ಕಾಗಿ ದುಃಖಿಸುವುದು ದೌರ್ಬಲ್ಯವಲ್ಲ. ‘ಧೈರ್ಯವಾಗಿರಿ’ ಎಂಬ ಮಾತು ಆ ದುಃಖದ ಬಾಯಿ ಮುಚ್ಚಿಸುತ್ತದೆಯೇ ಹೊರತು ಕಳೆಯುವುದಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ. ಅತ್ತು ಹಗುರಾದ ಮೇಲೆ ಸಣ್ಣ ಹೆಜ್ಜೆಗಳನ್ನು ಇಡಬಹುದು. ಸೋರಿಯಾಸಿಸ್ ಎಂಬ ಚರ್ಮರೋಗದ ಕಲೆಗಳನ್ನು ಮುಚ್ಚಲು ಸದಾ ತುಂಬುತೋಳು ತೊಡುವವರು, ಮೊದಲು ಆಪ್ತ ಗೆಳತಿಯೊಬ್ಬಳ ಮುಂದೆ ಅರ್ಧ ಗಂಟೆ ಅಂಗಿಯ ತೋಳನ್ನು ಮೇಲಕ್ಕೆ ಮಡಚಿ ಕುಳಿತು, ಆಗ ಏನಾಗುವುದೆಂದು ಹೆದರಿದ್ದರು, ನಿಜವಾಗಿ ಏನಾಯಿತು ಎಂಬುದನ್ನು ಮುಂದಿನ ಭೇಟಿಯಲ್ಲಿ ಹೇಳಿಕೊಳ್ಳಬಹುದು.

ಸಮಾಲೋಚಕರು ಎಲ್ಲವೂ ಮನಸ್ಸಿನದೇ ಎಂದು ತಳ್ಳಿಹಾಕಿದರೆ ನಿಮ್ಮ ಅಸಮಾಧಾನವನ್ನು ನೇರವಾಗಿ ತಿಳಿಸಿ, ಆಗಲೂ ಕಿವಿಗೊಡದಿದ್ದರೆ ಬೇರೆಯವರನ್ನು ನೋಡಿ. ಬದುಕೇ ಬೇಡವೆನ್ನಿಸಿದರೆ ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ಸಹಾಯ ಪಡೆಯಿರಿ. ನೋವು ಹೆಚ್ಚಿದ ದಿನ ಭೇಟಿಯನ್ನು ಫೋನಿನಲ್ಲಿ ನಡೆಸಲು, ಇಲ್ಲವೇ ಅರ್ಧಕ್ಕೇ ನಿಲ್ಲಿಸಲು ಆಗುತ್ತದೆಯೇ ಎಂಬುದನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳಿ.